ಬೇಣ ಖಾಲಿ ಜಾಗವಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ನೆಂಟರು ಮನೆಗೆ ಬಂದು, ಬೆಲ್ಲ ನೀರು ಕುಡಿದು, ಜಗಲಿಯಲ್ಲಿ ಕವಳ ಹಾಕುತ್ತಾ ಎದುರಿನ ಇಳಿಜಾರು ನೋಡಿ ಹೇಳುವ ಮಾತೊಂದಿದೆ: 'ಅಷ್ಟು ಜಾಗ ಖಾಲಿ ಬಿಟ್ಕಂಡು ಕೂತಿದ್ರಲಾ!' ಮೊದಲೆಲ್ಲ ಈ ಮಾತು ಸುಮ್ಮನೆ ಗಾಳಿಗೆ ಹೋಗುತ್ತಿತ್ತು. ಈಗ ಹಾಗಿಲ್ಲ. ಮಾತು ಮುಗಿಯುವಷ್ಟರಲ್ಲಿ ಜೆಸಿಬಿಯವರ ಮೊಬೈಲ್ ನಂಬರ್ ಕೈಗೆ ಬಂದಿರುತ್ತದೆ.

ಆ 'ಖಾಲಿ ಜಾಗ'ಕ್ಕೆ ಒಂದು ಹೆಸರಿದೆ. ಬೇಣ. ನಮ್ಮ ಆಡುಮಾತಿನಲ್ಲಿ ಬ್ಯಾಣ. ಬಯಲುಸೀಮೆಯ ಗೆಳತಿಯರಿಗೆ ಇದನ್ನು ವಿವರಿಸಲು ನನಗೆ ಪ್ರತಿ ಸಲವೂ ಹತ್ತು ನಿಮಿಷ ಬೇಕು. ಕಾಡೂ ಅಲ್ಲದ, ಗದ್ದೆಯೂ ಅಲ್ಲದ, ಅಲ್ಲೊಂದು ನೇರಳೆ ಇಲ್ಲೊಂದು ಮತ್ತಿಮರ ಬಿಟ್ಟರೆ ಉದ್ದಕ್ಕೂ ಹುಲ್ಲೇ ಇರುವ ಜಾಗ ಅದು. ಯಾರೂ ಬಿತ್ತುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಬೂದುಬಣ್ಣಕ್ಕೆ ತಿರುಗಿದ ಬುಡಗಳು ಮೇ ತಿಂಗಳ ಮೊದಲ ಎರಡು ಮಳೆಗೆ ಚಿಗುರುತ್ತವೆ. ಆಗಸ್ಟ್ ಹೊತ್ತಿಗೆ ಮೊಣಕಾಲು ಮುಳುಗುತ್ತದೆ. ದೀಪಾವಳಿ ಕಳೆದ ಮೇಲೆ ತೆನೆ ಉದುರಿಸಿ ಬಂಗಾರದ ಬಣ್ಣಕ್ಕೆ ಬಂದು ನಿಂತದ್ದನ್ನು ಕೊಯ್ದು, ಹೊರೆ ಕಟ್ಟಿ, ಕೊಟ್ಟಿಗೆಯ ಅಟ್ಟಕ್ಕೆ ಏರಿಸಬೇಕು, ಇಲ್ಲವೇ ಗೊಣಬೆ ಹಾಕಬೇಕು. ಹೀಗೆ ಒಣಗಿದ ಹುಲ್ಲಿಗೆ ಕರಡ ಅನ್ನುತ್ತೇವೆ. ಹೆಂಚು ಬರುವ ಮೊದಲು ಎಷ್ಟೋ ಮನೆಗಳ ಮೇಲೆ ಇದ್ದದ್ದೂ ಇದೇ ಕರಡ. ಈಗ ದನಕ್ಕೆ ಮೇವು, ಶುಂಠಿ ಪಟ್ಟೆಗೆ ಮುಚ್ಚಿಗೆ.

ಬೇಣದ ಹುಲ್ಲಿನಲ್ಲಿ ಹತ್ತಾರು ಜಾತಿಗಳಿವೆ. ಹೆಚ್ಚಿನವು ಬಹುವಾರ್ಷಿಕ, ಅಂದರೆ ಬೇರು ಸಾಯದ ಹುಲ್ಲುಗಳು. ಕೊಯ್ದರೂ, ದನ ಮೇಯ್ದರೂ ಬುಡ ಮತ್ತೆ ಚಿಗುರುತ್ತದೆ. ವಿಚಿತ್ರ ಅಂದರೆ ಕೊಯ್ಯದೇ ಬಿಟ್ಟರೆ ಅದು ಉಳಿಯುವುದಿಲ್ಲ. ಎರಡು ಮೂರು ವರ್ಷ ಹಾಗೇ ಬಿಡಿ, ಯುಪಟೋರಿಯಂ ನುಗ್ಗುತ್ತದೆ, ಆಮೇಲೆ ಲಂಟಾನ, ಆಮೇಲೆ ಒಳಗೆ ಕಾಲಿಡಲಾಗದ ಪೊದೆ. ಹಾಗಾಗಿ ಬೇಣ ತಾನಾಗೇ ಬಿದ್ದಿರುವ ಜಾಗ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಅದು ಕುಡುಗೋಲಿನಿಂದ, ದನದ ಬಾಯಿಯಿಂದ ವರ್ಷವರ್ಷವೂ ಮಾಡಿಟ್ಟ ಜಾಗ. ತೋಟ ಎಷ್ಟು ಮನುಷ್ಯರ ಕೆಲಸವೋ ಬೇಣವೂ ಅಷ್ಟೇ.

ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಈ ಮೂರು ವರ್ಷದಲ್ಲಿ ನನ್ನ ಪಠ್ಯದಲ್ಲಿ ಹುಲ್ಲು ಬಂದದ್ದು ಎರಡೇ ಕಡೆ. ಒಂದು, ಏರಿಯ ಇಳಿಜಾರಿಗೆ ಹುಲ್ಲು ಹೊದಿಸುವ 'ಟರ್ಫಿಂಗ್'. ಅದಕ್ಕೆ ಚದರ ಮೀಟರ್ ಲೆಕ್ಕದಲ್ಲಿ ದರ. ಇನ್ನೊಂದು, ಮಳೆನೀರಿನ ಹರಿವು ಲೆಕ್ಕ ಹಾಕುವ ಕೋಷ್ಟಕದಲ್ಲಿ 'ಲಾನ್' ಎಂಬ ಸಾಲು. ಹೊರಗೆ ನೋಡಿದರೂ ಹುಲ್ಲು ಅಂದರೆ ಲಾನ್‌ ಮಾತ್ರ. ದೊಡ್ಡ ಕಟ್ಟಡಗಳ ಎದುರು ಏಪ್ರಿಲ್ ಬಿಸಿಲಿನಲ್ಲೂ ಹಸಿರಾಗಿರಲು ದಿನಾ ನೀರು ಕುಡಿಯುವ, 'ತುಳಿಯಬೇಡಿ' ಎಂಬ ಬೋರ್ಡು ಹೊತ್ತ ಹುಲ್ಲು.

ಆ ಲಾನ್‌ಗಳಲ್ಲಿ ಬಹಳಷ್ಟು ಕಡೆ ಇರುವುದು ಬರ್ಮುಡಾ ಗ್ರಾಸ್. ಹೆಸರು ಕೇಳಿ ಬೆರಗಾಗಬೇಡಿ. ಅದು ನಮ್ಮ ಗರಿಕೆ. ಚೌತಿಯಲ್ಲಿ ಗಣಪತಿಗೆ ಏರಿಸಲು ಗದ್ದೆಯ ಅಂಚಿನಿಂದ ಕಿತ್ತು ತರುವ ಅದೇ ಗರಿಕೆ. ಜಗತ್ತಿನ ಕ್ರಿಕೆಟ್ ಮೈದಾನ, ಗಾಲ್ಫ್ ಮೈದಾನಗಳಲ್ಲಿ ಅದರ ತಳಿಗಳೇ ಹಾಸಿಕೊಂಡಿವೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಈ ಹುಲ್ಲಿನ ಹಿಂದೆ ಜೀವಮಾನವಿಡೀ ಬಿದ್ದಿದ್ದರು. ಅವರು 1943ರಲ್ಲಿ ಹೊರತಂದ 'ಕೋಸ್ಟಲ್ ಬರ್ಮುಡಾ' ಅಲ್ಲಿನ ರೈತರಿಗೆ ಮೇವಿನ, ಒಣಹುಲ್ಲಿನ ದೊಡ್ಡ ಬೆಳೆಯಾಯಿತು. (ಇದೇ ಬರ್ಟನ್ ಬೆಳೆಸಿದ ಸಜ್ಜೆಯ ತಳಿಯೊಂದನ್ನು ಬಳಸಿ 1965ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಸಜ್ಜೆ ಬಂತು. ಹುಲ್ಲಿನ ವಿಜ್ಞಾನಿ ನಮ್ಮ ರೊಟ್ಟಿಯವರೆಗೂ ಬಂದಿದ್ದಾರೆ.) ಅಂದರೆ ಹುಲ್ಲನ್ನು ಬೆಳೆ ಎಂದು ಕಂಡವರು ಲೋಕದಲ್ಲಿದ್ದಾರೆ. ನಾವು ಮಾತ್ರ ಅದನ್ನು ಒಂದೋ ದೇವರ ತಲೆಯ ಮೇಲೆ ಇಡುತ್ತೇವೆ, ಇಲ್ಲವೇ ಖಾಲಿ ಜಾಗ ಅನ್ನುತ್ತೇವೆ.

ಇದಕ್ಕಿಂತ ನಗು ತರಿಸುವ ಸಂಗತಿಯೊಂದಿದೆ. ಸಾತೊಡ್ಡಿ, ಮಾಗೋಡು ಜಲಪಾತಗಳ ದಾರಿಯಲ್ಲಿ, ಶಿರಸಿ ಸುತ್ತಮುತ್ತ ಈಗ ಹೋಮ್‌ಸ್ಟೇಗಳು ಬರುತ್ತಿವೆ. ಬರಲಿ, ಊರಿನವರಿಗೆ ಕೆಲಸ ಸಿಗುತ್ತದೆ. ಆದರೆ ಕೆಲವರು ಮೊದಲು ಮಾಡುವ ಕೆಲಸ ಬೇಣವನ್ನು ಕೆತ್ತಿ ಹಾಕುವುದು. ಆಮೇಲೆ ಪಟ್ಟಣದ ನರ್ಸರಿಯಿಂದ ಚದರ ಅಡಿಗೆ ಇಷ್ಟು ಎಂದು ಕೊಟ್ಟು ಚಾಪೆಯಂತೆ ಸುತ್ತಿದ ಮೆಕ್ಸಿಕನ್ ಹುಲ್ಲು ತಂದು ಅಲ್ಲೇ ಹಾಸುವುದು. ಬೇಸಿಗೆಯಲ್ಲಿ ಅದಕ್ಕೆ ಬಾವಿ ನೀರು. ಪುಕ್ಕಟೆ ಬೆಳೆಯುತ್ತಿದ್ದ ಹುಲ್ಲನ್ನು ತೆಗೆದು, ದುಡ್ಡು ಕೊಟ್ಟು ತಂದ ಹುಲ್ಲಿಗೆ ನೀರು ಹೊರುವ ಈ ವ್ಯವಹಾರ ನನಗಂತೂ ಅರ್ಥವಾಗಿಲ್ಲ.

ಹೋಮ್‌ಸ್ಟೇಗಳು ನುಂಗುವುದು ಅಲ್ಲೊಂದು ಇಲ್ಲೊಂದು ಚೂರು. ಬೇಣವನ್ನು ನಿಜವಾಗಿ ನುಂಗುತ್ತಿರುವುದು ಅಡಿಕೆ. ಇದನ್ನು ಅಡಿಕೆಯ ಮನೆಯವಳೇ ಬರೆಯುತ್ತಿದ್ದೇನೆ. ನನ್ನ ಕಾಲೇಜು ಶುಲ್ಕ, ಹಾಸ್ಟೆಲ್ ಬಾಡಿಗೆ, ಈ ಲೇಖನ ಟೈಪ್ ಮಾಡುತ್ತಿರುವ ಲ್ಯಾಪ್‌ಟಾಪ್, ಎಲ್ಲವೂ ಅಡಿಕೆಯದ್ದೇ. ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ಒಂದೂವರೆ ಎಕರೆ ತೋಟವಿದೆ, ಅದರ ಮೇಲ್ಗಡೆ ಪಹಣಿಯಲ್ಲೇ ಇರುವ ಎರಡು ಎಕರೆ ಬೇಣ. ಎರಡು ಮಲೆನಾಡು ಗಿಡ್ಡ, ಒಂದು ಮಿಶ್ರತಳಿ ಹಸು. ಅಡಿಕೆಗೆ ದರವಿದೆ, ಎಲೆಚುಕ್ಕಿ ರೋಗದಿಂದ ಇದ್ದ ತೋಟದ ಇಳುವರಿ ಇಳಿದಿದೆ, ಆದ್ದರಿಂದ ಮೇಲಿನ ಎರಡು ಎಕರೆಯನ್ನೂ ತೋಟ ಮಾಡಿದರೆ ಹೇಗೆ ಎಂಬ ಮಾತು ಮನೆಯಲ್ಲಿ ಎದ್ದಿದೆ. ಅಪ್ಪ ಒಂದು ರಾತ್ರಿ ಊಟ ಮುಗಿದ ಮೇಲೆ ನನ್ನ ಕಡೆ ತಿರುಗಿ, 'ತಂಗೀ, ನೀ ಲೆಕ್ಕ ಕಲ್ತವಳು, ಹೇಳು ನೋಡನ' ಅಂದರು. ಅಷ್ಟು ಕೇಳಿದ್ದೇ ತಡ, ನಾನು ನಿಜವಾಗಿಯೂ ಲೆಕ್ಕಕ್ಕೆ ಕೂತೆ.

ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಕೊಟ್ಟಿಗೆ ಗೊಬ್ಬರ ಬೇಕೆಂಬುದು ವಿಜ್ಞಾನಿಗಳ ಶಿಫಾರಸು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 555 ಮರ. ಗುಣಿಸಿದರೆ ಎಕರೆಗೆ ವರ್ಷಕ್ಕೆ ಆರೂವರೆ ಟನ್ ದಾಟುತ್ತದೆ. ನಮ್ಮ ಒಂದೂವರೆ ಎಕರೆಗೆ 10 ಟನ್. ಮೂರು ದನಗಳ ಸಗಣಿ ದಿನಕ್ಕೆ 22 ಕೆ.ಜಿ. ಎಂದು ಹಿಡಿದರೆ ವರ್ಷಕ್ಕೆ 8 ಟನ್. ಅದಕ್ಕೆ ಬೆಟ್ಟದಿಂದ ತಂದ ಸೊಪ್ಪು, ದರಕು, ದನ ತಿಂದು ಬಿಟ್ಟ ಕರಡ ಎಲ್ಲ ಸೇರಿ ಗೊಬ್ಬರಗುಂಡಿ ತುಂಬುತ್ತದೆ. ಹೇಗೋ ಸರಿದೂಗುತ್ತದೆ. ಇನ್ನು ಬೇಣವನ್ನು ತೋಟ ಮಾಡಿದರೆ? ತೋಟ ಮೂರೂವರೆ ಎಕರೆಯಾಗುತ್ತದೆ, ಗೊಬ್ಬರ 23 ಟನ್ ಬೇಕು. ದನಕ್ಕೆ ಹುಲ್ಲಿಲ್ಲ, ಆದ್ದರಿಂದ ದನ ಮಾರಬೇಕು. ಬೇಡಿಕೆ ಎರಡು ಪಟ್ಟು ದಾಟುವ ಹೊತ್ತಿಗೆ ಪೂರೈಕೆ ಸೊನ್ನೆ. ಇಂಥ ವಿನ್ಯಾಸವನ್ನು ನಾನು ಪರೀಕ್ಷೆಯಲ್ಲಿ ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ.

ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು. ಘಟ್ಟದ ಮೇಲಿನ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಎಂಬ ಸೌಲಭ್ಯ ಬ್ರಿಟಿಷರ ಕಾಲದಿಂದ ನಮ್ಮ ಜಿಲ್ಲೆಯಲ್ಲಿ ನಡೆದುಬಂದಿರುವುದು ಸುಮ್ಮನೆ ಅಲ್ಲ. ತೋಟ ಅಂದರೆ ಮರಗಳಿರುವ ತಗ್ಗಿನ ಚೂರು ಮಾತ್ರವಲ್ಲ, ಅದಕ್ಕೆ ಉಣಿಸುವ ಮೇಲಿನ ಹುಲ್ಲು, ಸೊಪ್ಪು ಎಲ್ಲ ಸೇರಿ ತೋಟ ಎಂಬ ತಿಳಿವಳಿಕೆ ಆ ನಿಯಮದಲ್ಲಿದೆ. 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, ಸಂಭ್ರಮಪಟ್ಟೆವು. ಆ ಅಡಿಕೆಯನ್ನು ಸಾಕಿದ ಹುಲ್ಲಿಗೆ ಮಾತ್ರ ನಮ್ಮ ಮಾತಿನಲ್ಲೂ ಜಾಗವಿಲ್ಲ.

ಮೇವಿನ ಲೆಕ್ಕವೂ ಇದೆ. ಗಿಡ್ಡ ಹಸು ನೂರು ಕೆ.ಜಿ. ತೂಗುವ ಪುಟ್ಟ ಪ್ರಾಣಿ, ದಿನಕ್ಕೆ ಮೂರು ಕೆ.ಜಿ. ಒಣಹುಲ್ಲು ಸಾಕು. ಮಿಶ್ರತಳಿಗೆ ಹಿಂಡಿ, ಹಸಿಮೇವಿನ ಜತೆ ಐದು ಕೆ.ಜಿ. ಒಟ್ಟು 11 ಕೆ.ಜಿ. ಡಿಸೆಂಬರ್‌ನಿಂದ ಮೇವರೆಗೆ 180 ದಿನಕ್ಕೆ ಹತ್ತಿರಹತ್ತಿರ ಎರಡು ಟನ್. ನಮ್ಮ ಕಡೆಯ ಒಂದು ಹೊರೆಗೆ 22 ಕೆ.ಜಿ. ಎಂದರೆ 90 ಹೊರೆ. ಎರಡು ಎಕರೆಯಲ್ಲಿ ನಮಗೆ ಸಾಧಾರಣ ವರ್ಷದಲ್ಲಿ ನೂರರ ಮೇಲೆ ಬರುತ್ತದೆ. ಅಜ್ಜಿಗೆ ಈ ಗುಣಾಕಾರ ತೋರಿಸಿದೆ. ಅವರು ನಕ್ಕರು. ಅಟ್ಟ ಕುತ್ತಿಗೆಯವರೆಗೆ ತುಂಬಿದರೆ ಮಳೆಗಾಲ ಮುಟ್ಟುತ್ತದೆ ಎಂಬುದು ಅವರಿಗೆ ಯಾವಾಗಲೋ ಗೊತ್ತು.

ಬೇಣ ಕಳೆದುಕೊಂಡ ಮೇಲೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಯಲ್ಲಾಪುರ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವ ನಾಲ್ಕು ವರ್ಷದ ಹಿಂದೆ ತಮ್ಮ ಬೇಣವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಅಡಿಕೆ ಹಾಕಿದರು. ಗಿಡ ಚೆನ್ನಾಗಿಯೇ ಇವೆ, ಸುಳ್ಳು ಹೇಳಬಾರದು. ಆದರೆ ಕೊಟ್ಟಿಗೆ ಈಗ ಬೈಕ್ ಶೆಡ್. ದೀಪಾವಳಿಯ ಗೋಪೂಜೆಗೆ ಪಕ್ಕದ ಮನೆಗೆ ಹೋಗಿ ಹಾರ ಹಾಕಿ ಬರುತ್ತಾರೆ. ಗೊಬ್ಬರ? ಲಾರಿಯಲ್ಲಿ ಬರುತ್ತದೆ, ಗೌಳಿವಾಡದಿಂದ.

ಇಲ್ಲಿ ಕತೆ ಇನ್ನೊಂದು ಮನೆಗೆ ಹೋಗುತ್ತದೆ. ಯಲ್ಲಾಪುರ, ಮುಂಡಗೋಡ, ಹಳಿಯಾಳ ಭಾಗದ ಗೌಳಿಗರು ತಲೆಮಾರುಗಳ ಹಿಂದೆ ಮಹಾರಾಷ್ಟ್ರದ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದವರು. ಅವರ ಬದುಕು ಎಮ್ಮೆ, ಎಮ್ಮೆಯ ಬದುಕು ಹುಲ್ಲು. ನಮ್ಮಂತೆ ಅವರಿಗೆ ಪಹಣಿಯಲ್ಲಿ ಬೇಣವಿಲ್ಲ. ಊರೊಟ್ಟಿನ ಹುಲ್ಲುಗಾವಲು, ಕಾಡಿನ ಅಂಚು, ಅಷ್ಟೇ. ಅಲ್ಲೆಲ್ಲ ಅಕೇಶಿಯಾ ನೆಡುತೋಪು, ಅತಿಕ್ರಮಣ, ಬೇಲಿ ಬಂದಾಗ ಎಮ್ಮೆ ಎಲ್ಲಿ ಮೇಯಬೇಕು? ನನ್ನ ಜತೆ ಪಿಯುಸಿ ಓದಿದ ಗೌಳಿವಾಡದ ಹುಡುಗನೊಬ್ಬ ಈಗ ಗೋವಾದಲ್ಲಿ ಕೆಲಸದಲ್ಲಿದ್ದಾನೆ. ಮನೆಯ ಎಮ್ಮೆಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಿದ್ದಾರಂತೆ. ನಮ್ಮ ಮಾವ ಗೊಬ್ಬರಕ್ಕೆ ಯಾರನ್ನು ನಂಬಿದ್ದಾರೋ ಅವರ ಕಾಲಡಿಯ ಹುಲ್ಲೂ ಸರಿಯುತ್ತಿದೆ. ಎಲ್ಲರೂ ಬೇಣ ಕಡಿದು ಎಲ್ಲರೂ ಗೌಳಿವಾಡದ ಲಾರಿಗೆ ಕಾಯುವುದಾದರೆ ಆ ಲಾರಿ ಎಷ್ಟು ವರ್ಷ ಬಂದೀತು?

ಅಕೇಶಿಯಾದ ಮಾತು ಬಂತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಮರಕ್ಕೆ ಒಂದು ಚಳವಳಿ ಸಿಕ್ಕಿತು, ಅದು ನಮ್ಮೂರಿನ ಹೆಮ್ಮೆ. ಹುಲ್ಲನ್ನು ಅಪ್ಪಿಕೊಳ್ಳಲು ಬರುವುದಿಲ್ಲ, ಅದೇ ಅದರ ದುರದೃಷ್ಟ ಇರಬೇಕು. ಮರವಿಲ್ಲದ ಜಾಗವೆಲ್ಲ ಪಾಳು ಎಂಬ ಕಂದಾಯ ಇಲಾಖೆಯ ಹಳೆಯ ಕಣ್ಣು ಬ್ರಿಟಿಷರ ಜತೆಗೆ ಹೋಗಲಿಲ್ಲ. ಪಾಳುಭೂಮಿಯ ಪಟ್ಟಿಗಳಲ್ಲಿ ಇವತ್ತಿಗೂ ಹುಲ್ಲುಗಾವಲುಗಳು ಕಾಣಿಸಿಕೊಳ್ಳುತ್ತವೆ. ಜೂನ್ ಬಂತೆಂದರೆ ವನಮಹೋತ್ಸವದ ಹುರುಪಿನಲ್ಲಿ ನಾವೂ ಬೇಣದಲ್ಲೇ ಗುಂಡಿ ತೋಡುತ್ತೇವೆ. ಜಗತ್ತು ಮಾತ್ರ ಸ್ವಲ್ಪ ಬದಲಾದಂತಿದೆ. 2026ನೇ ವರ್ಷವನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ನಮ್ಮ ತಾಲ್ಲೂಕಿನಲ್ಲಿ ಇದರ ಬ್ಯಾನರ್ ಒಂದನ್ನೂ ನಾನು ನೋಡಿಲ್ಲ.

ಇನ್ನು ಬೇಣದ ಪರವಾಗಿ ಮಾತಾಡುವವರಿಗೆ ಮನೆಯಲ್ಲಿ ಎದುರಾಗುವ ಪ್ರಶ್ನೆಗಳು. ಇವು ಸುಲಭದವಲ್ಲ.

ಕೊಯ್ಯುವವರು ಯಾರು? ಕರಡ ಬಲಿಯುವುದೂ ಅಡಿಕೆ ಕೊನೆಕೊಯ್ಲು ಶುರುವಾಗುವುದೂ ಒಂದೇ ಹೊತ್ತಿಗೆ. ಇರುವ ನಾಲ್ಕು ಕೈಗಳು ಅಡಿಕೆ ಸುಲಿಯಬೇಕೋ ಹುಲ್ಲು ಕೊಯ್ಯಬೇಕೋ? ಯಾರೇ ಆದರೂ ಅಡಿಕೆಗೇ ಹೋಗುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಅರವತ್ತು ದಾಟಿದ ಇಬ್ಬರು. ಆಯಿಗೆ ಮೊಣಕಾಲು ನೋವು, ಹೊರೆ ಹೊರಲಾರರು. ಜತೆಗೆ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಈ ಜ್ವರ 2024ರಲ್ಲೂ ಸಿದ್ದಾಪುರದಲ್ಲಿ ಜೀವ ತೆಗೆದಿದೆ. ಅದನ್ನು ಹರಡುವ ಉಣುಗು ಹೆಚ್ಚುವುದು ಕರಡ ಕೊಯ್ಯುವ, ದರಕು ಗುಡಿಸುವ ದಿನಗಳಲ್ಲೇ. ಮೈಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ ಎನ್ನುವುದು ಸುಲಭ, ಪ್ರತಿ ದಿನ ಹಚ್ಚಿಕೊಂಡು ಹೋಗುವವರಿಗೆ ಕೇಳಬೇಕು ಅದರ ಕಷ್ಟ.

ಎರಡನೆಯ ಪ್ರಶ್ನೆ: ಕರಡದಲ್ಲಿ ಸತ್ವವೇನಿದೆ? ಈ ಮಾತು ಸರಿ. ತೆನೆ ಉದುರಿದ ಮೇಲೆ ಕೊಯ್ದ ಹುಲ್ಲಿನಲ್ಲಿ ಪ್ರೋಟೀನ್ ಕಡಿಮೆ, ನಾರು ಜಾಸ್ತಿ. ಒಳ್ಳೆಯ ಒಣಹುಲ್ಲು ಬೇಕೆಂದರೆ ಹೂ ಬಿಡುವಾಗಲೇ ಕೊಯ್ಯಬೇಕು. ನಮ್ಮಲ್ಲಿ ಆ ಹೊತ್ತಿಗೆ ಮಳೆ ನಿಂತಿರುವುದಿಲ್ಲ, ಕೊಯ್ದ ಹುಲ್ಲು ಒಣಗದೆ ಬೂಸಲು ಹಿಡಿಯುತ್ತದೆ. ಮಿಶ್ರತಳಿ ಹಸುವಿಗೆ ಬರೀ ಕರಡ ಹಾಕಿ ಹಾಲು ಕೇಳಿದರೆ ಅದು ಕೊಡುವುದೂ ಇಲ್ಲ. ಅದಕ್ಕೆ ನೇಪಿಯರ್ ಬೇಕು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಇದೆ, ನಮ್ಮ ಹಾಸ್ಟೆಲ್‌ನಿಂದ ಅರ್ಧ ಗಂಟೆಯ ದಾರಿ. (ಹುಬ್ಬಳ್ಳಿ–ಧಾರವಾಡದಲ್ಲಿ ಓದುವ ಎಷ್ಟು ಜನರಿಗೆ ಇದು ಗೊತ್ತು?) ನೀರು, ಗೊಬ್ಬರ ಕೊಟ್ಟರೆ ಹೈಬ್ರಿಡ್ ನೇಪಿಯರ್ ವರ್ಷಕ್ಕೆ ಆರೇಳು ಸಲ ಕೊಯ್ಲಿಗೆ ಬರುತ್ತದೆ. ಅದನ್ನು ತೋಟದ ಕೆಳಗಿನ ಹತ್ತು ಗುಂಟೆ ಗದ್ದೆಯಲ್ಲಿ ಹಾಕೋಣ, ಯಾರು ಬೇಡ ಅಂದರು? ಆದರೆ ಬೇಣದ ಇಳಿಜಾರಿಗೆ ಅದು ಸಲ್ಲದು, ಅಲ್ಲಿ ಬೇಸಿಗೆಯಲ್ಲಿ ನೀರಿಲ್ಲ. ನೇಪಿಯರ್ ಹಸಿಮೇವು, ಕರಡ ಹೊಟ್ಟೆ ತುಂಬಿಸುವ ಒಣಮೇವು. ಅನ್ನ ಇದೆಯೆಂದು ಪಲ್ಯ ಬೇಡ ಅನ್ನುವುದಿಲ್ಲವಲ್ಲ.

ಬೇಣ ಬೇಕೆಂದಾದರೆ ಈ ಎರಡು ಪ್ರಶ್ನೆಗೆ ಉತ್ತರ ಹುಡುಕಬೇಕು, ಆ ಉತ್ತರ ಹುಡುಕಬೇಕಾದವರು ನಾವು, ಬಿಇ ಓದುತ್ತಿರುವವರು. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ನಮ್ಮಲ್ಲಿ ಮಾಡುವುದನ್ನು ನೋಡಿದರೆ ಬೇಸರವಾಗುತ್ತದೆ. ಹಾಜರಾತಿ ಹಾಕುವ ಆ್ಯಪ್, ಮತ್ತೊಂದು ಹಾಜರಾತಿ ಹಾಕುವ ಆ್ಯಪ್, ಕಳೆದ ವರ್ಷದವರು ಮಾಡಿದ್ದಕ್ಕೆ ಹೊಸ ಬಣ್ಣ. ಬೇಣದಲ್ಲಿ ಬಗೆಹರಿಯದೆ ಬಿದ್ದಿರುವ ಸಮಸ್ಯೆಗಳನ್ನು ನೋಡಿ. ಕೊಯ್ಯುವುದು ಅರ್ಧ ಬಗೆಹರಿದಿದೆ, ಕಳೆ ಕೊಚ್ಚುವ ಯಂತ್ರ ಹಿಡಿದರೆ ಒಬ್ಬ ಆಳು ಮೂರ್ನಾಲ್ಕು ಜನರ ಕೆಲಸ ಮಾಡುತ್ತಾನೆ. ಆದರೆ ಅದು ಹುಲ್ಲನ್ನು ದಿಕ್ಕಾಪಾಲಾಗಿ ಎಸೆಯುತ್ತದೆ, ಒಂದು ಕಡೆ ಸಾಲಾಗಿ ಬೀಳುವಂತೆ ಮಾಡುವ ಸರಳ ತಡೆಯೊಂದು ಅದಕ್ಕೆ ಬೇಕು. ಹೊರುವುದಂತೂ ಬಗೆಹರಿದೇ ಇಲ್ಲ. ಬಯಲುಸೀಮೆಯ ಭತ್ತದ ಗದ್ದೆಯಲ್ಲಿ ಹುಲ್ಲು ಸುತ್ತಿ ರೋಲ್ ಮಾಡುವ ಟ್ರ್ಯಾಕ್ಟರ್ ಯಂತ್ರ ನಮ್ಮ ಇಳಿಜಾರಿಗೆ ಹತ್ತುವುದಿಲ್ಲ. ಕೀನ್ಯಾದ ಸಣ್ಣ ರೈತರು ಮರದ ಪೆಟ್ಟಿಗೆಯೊಂದರಲ್ಲಿ ಹುಲ್ಲು ತುಂಬಿ, ಕಾಲಲ್ಲಿ ತುಳಿದು, ಹಗ್ಗ ಬಿಗಿದು ಹೊರತೆಗೆಯುತ್ತಾರೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಪೆಟ್ಟಿಗೆಯಲ್ಲಿ ಹದಿನೈದಿಪ್ಪತ್ತು ಕೆ.ಜಿ.ಯ ಇಟ್ಟಿಗೆಯಂಥ ಕಟ್ಟು ಸಿಗುತ್ತದೆ. ಅಟ್ಟದಲ್ಲಿ ಹಿಡಿಯುವ ಜಾಗವೂ ಕಡಿಮೆ, ಹಗ್ಗದ ಮೇಲೆ ಜಾರಿಸಿ ಮನೆಯಂಗಳಕ್ಕೆ ಇಳಿಸಲೂಬಹುದು. ಊರಿನ ಆಚಾರಿ ಅರ್ಧ ದಿನದಲ್ಲಿ ಮಾಡಿಕೊಡುವ ವಸ್ತು.

ಒಣಗಿಸುವುದಕ್ಕೆ ನನ್ನದೊಂದು ತಲೆಹರಟೆ ಇದೆ. ಅಡಿಕೆ ಒಣಗಿಸಲು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಸೋಲಾರ್ ಡ್ರೈಯರ್ ಮನೆಗಳಿವೆ. ಅಡಿಕೆ ಬರುವ ಮೊದಲು, ಅಕ್ಟೋಬರ್‌ನಲ್ಲಿ, ಅವು ಬಹುಪಾಲು ಖಾಲಿ. ನಿಜವಾದ ಖಾಲಿ ಜಾಗ ಅಂದರೆ ಅದು! ಹೂ ಬಿಡುವ ಹಂತದ ಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಕೊಯ್ದು ಅಲ್ಲಿ ಹರಡಿದರೆ ಸತ್ವವೂ ಉಳಿದೀತು, ಕೆಲಸವೂ ಎರಡು ತಿಂಗಳಿಗೆ ಹಂಚಿಹೋದೀತು, ಉಣುಗಿನ ಕಾಲಕ್ಕೂ ಮೊದಲೇ ಮುಗಿದೀತು. ಒಂದು ಚದರ ಮೀಟರಿಗೆ ಎಷ್ಟು ಹುಲ್ಲು ಹರಡಬೇಕು, ಎಷ್ಟು ಗಾಳಿ ಬೇಕು ಎಂಬುದನ್ನು ಅಳೆದು ಹೇಳುವುದು ಮೆಕ್ಯಾನಿಕಲ್‌ನವರ ಕೆಲಸ. ಶಿರಸಿಯಲ್ಲಿ 1985ರಿಂದ ಅರಣ್ಯ ಕಾಲೇಜಿದೆ, ಹುಲ್ಲಿನ ಜಾತಿ ಗುರುತಿಸಲು ಅಲ್ಲಿನ ವಿದ್ಯಾರ್ಥಿಗಳಿದ್ದಾರೆ. ಕೆಲಸ ಹುಡುಕುತ್ತಿರುವ ಹುಡುಗರೂ ಕೇಳಿಸಿಕೊಳ್ಳಿ: ಕೊಯ್ಯುವ ಯಂತ್ರ, ಎರಡು ಪೆಟ್ಟಿಗೆ, ಒಂದು ಪಿಕಪ್ ಇಟ್ಟುಕೊಂಡು ಮೂವರು ಸೇರಿ ಊರೂರಿಗೆ ಹೋದರೆ ನವೆಂಬರ್‌ನಿಂದ ಜನವರಿವರೆಗೆ ಬಿಡುವಿರುವುದಿಲ್ಲ. ಅತ್ತ ಕರಡ ಕೊಯ್ಯಲು ಜನವಿಲ್ಲದ ಬೇಣಗಳು, ಇತ್ತ ಹಾನಗಲ್ಲ ಕಡೆಯಿಂದ ಲಾರಿಯಲ್ಲಿ ಭತ್ತದ ಹುಲ್ಲು ತರಿಸುವ ಮನೆಗಳು. ಎರಡೂ ಇರುವುದು ಐದಾರು ಕಿಲೋಮೀಟರ್ ಅಂತರದಲ್ಲಿ. ಮೂರೇ ತಿಂಗಳ ಕೆಲಸ, ಇದರಿಂದಲೇ ಮನೆ ಕಟ್ಟಬಹುದು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಓದುತ್ತಾ ಮನೆಯಲ್ಲಿ ಕೂತವರಿಗೆ ಕೈಖರ್ಚು ದಾಟಿ ಸ್ವಲ್ಪ ಉಳಿಯುವ ದಾರಿ.

ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ, ಅದು ನನ್ನ ವಿಷಯ. 10 ಮಿ.ಮೀ. ಮಳೆ ಬಿದ್ದರೆ ಎರಡು ಎಕರೆಯ ಮೇಲೆ ಬೀಳುವುದು 81 ಸಾವಿರ ಲೀಟರ್ ನೀರು. ವರ್ಷಕ್ಕೆ ಎರಡೂವರೆ ಸಾವಿರ ಮಿ.ಮೀ. ಆಸುಪಾಸಿನಲ್ಲಿ ಮಳೆಯಾಗುವ ಸೀಮೆ ನಮ್ಮದು. ನಮ್ಮ ಪಠ್ಯದ ಕೋಷ್ಟಕದಲ್ಲಿ ಹುಲ್ಲುನೆಲದ ಹರಿವಿನ ಗುಣಾಂಕ 0.05ರಿಂದ 0.35, ಡಾಂಬರಿಗೆ 0.70ರಿಂದ 0.95. ಬುಡಬುಡವೂ ಒತ್ತಾಗಿರುವ ಹುಲ್ಲು ನೀರಿನ ಓಟ ತಡೆದು ಮಣ್ಣಿಗೆ ಇಳಿಸುತ್ತದೆ. ನಮ್ಮ ಬಾವಿ ಇರುವುದು ಆ ಬೇಣದ ಕೆಳಗೆ. ಹುಲ್ಲಿದ್ದರೆ ಗುಡ್ಡ ಕುಸಿಯುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಆದಂಥ ಕುಸಿತವನ್ನು ಹುಲ್ಲಿನ ಗಿಡ್ಡ ಬೇರು ತಡೆಯಲಾರದು, ಅದು ಮೇಲ್ಮಣ್ಣು ಹಿಡಿಯುವಷ್ಟಕ್ಕೆ ಸರಿ. ಆದರೆ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದು ಮೆಟ್ಟಿಲು ಮಾಡಿ, ಸಡಿಲ ಮಣ್ಣನ್ನು ಅಂಚಿಗೆ ದೂಡಿ, ಅದರ ಮೇಲೆ ಅಂಥ ಮಳೆ ಸುರಿಸಿಕೊಳ್ಳುವುದು ಬೇರೆಯೇ ಮಾತು. ಅದರ ಲೆಕ್ಕ ಜೆಸಿಬಿಯ ಗಂಟೆಯ ಬಾಡಿಗೆಯಲ್ಲಿ ಸೇರಿರುವುದಿಲ್ಲ.

ದೇಶದ ಲೆಕ್ಕ ನೋಡಿದರೆ ನನ್ನ ವಾದ ಸೋಲುವ ಕಡೆಗೇ ಇದೆ. 2019ರ ಜಾನುವಾರು ಗಣತಿಯಲ್ಲಿ 2012ಕ್ಕೆ ಹೋಲಿಸಿದರೆ ನಾಟಿ ದನಗಳ ಸಂಖ್ಯೆ ಶೇ 6ರಷ್ಟು ಇಳಿದಿತ್ತು, ವಿದೇಶಿ ಮತ್ತು ಮಿಶ್ರತಳಿ ಶೇ 26.9ರಷ್ಟು ಏರಿತ್ತು. ಬೇಣದ ಹುಲ್ಲು ತಿಂದು ಬದುಕಬಲ್ಲ ಗಿಡ್ಡ ಹೋಗಿ, ಹಿಂಡಿ ಬೇಡುವ ಹಸು ಬಂದರೆ ಬೇಣದ ಬೆಲೆ ತಾನಾಗೇ ಇಳಿಯುತ್ತದೆ. ದರ ಬಂದ ಬೆಳೆಯ ಹಿಂದೆ ರೈತ ಹೋಗುವುದು ತಪ್ಪೂ ಅಲ್ಲ. ಬೇಣ ಉಳಿಸಿ ಎಂದು ಹುಬ್ಬಳ್ಳಿಯಲ್ಲಿ ಕೂತು ಬರೆಯುವುದಕ್ಕೂ ಡಿಸೆಂಬರ್ ಬಿಸಿಲಿನಲ್ಲಿ ಬಗ್ಗಿ ಕರಡ ಕೊಯ್ಯುವುದಕ್ಕೂ ಇರುವ ದೂರ ನನಗೆ ಗೊತ್ತು. ಅದಕ್ಕೇ ಈ ಸಲ ಸೆಮಿಸ್ಟರ್ ಪರೀಕ್ಷೆಗೆ ಮೊದಲಿನ ರಜೆಯಲ್ಲಿ ಊರಿಗೆ ಹೋಗುವವಳಿದ್ದೇನೆ. ಪೆಟ್ಟಿಗೆಗೆ ಆಚಾರಿಯವರಿಗೆ ಅಳತೆ ಕೊಟ್ಟಾಗಿದೆ. ತೋಟದ ಮನೆಯ ಹಳೆಯ ಹಲಗೆಗಳೇ ಸಾಕಂತೆ.

ಅಪ್ಪ ನನ್ನ ಲೆಕ್ಕದ ಹಾಳೆಯನ್ನು ಎರಡು ಸಲ ಓದಿ, ಮಡಿಸಿ, ಪಂಚಾಂಗದೊಳಗೆ ಇಟ್ಟಿದ್ದಾರೆ. ಅರ್ಧ ಎಕರೆ ತೋಟಕ್ಕೆ, ಉಳಿದ ಒಂದೂವರೆ ಹುಲ್ಲಿಗೆ ಎಂಬುದು ಮಾವನ ರಾಜಿಸೂತ್ರ. ಅದಕ್ಕೆ ಆಯಿ ಒಪ್ಪಿದ್ದಾರೆ, ಅಜ್ಜಿ ಒಪ್ಪಿಲ್ಲ. ಜೆಸಿಬಿಯವರು ಎರಡು ಸಲ ಫೋನ್ ಮಾಡಿ, ದೀಪಾವಳಿ ಕಳೆದ ಮೇಲೆ ಬರುತ್ತೇವೆ ಅಂದಿದ್ದಾರೆ. ಕರಡ ಕೊಯ್ಲಿಗೆ ಬರುವುದೂ ಆಗಲೇ.